ಯರ್ರಿಸ್ವಾಮಿಯವರ ಮನೆಯ ಮೀಸೆ ಮೀನು

ನಾನು ಒಂದು ಮೀಸೆ ಮೀನು. ಪೇಟೆಯವರು ಕ್ಯಾಟ್‌ಫಿಶ್ ಎನ್ನುತ್ತಾರೆ. ಉದ್ದ ಹೆಬ್ಬೆರಳಿನಷ್ಟೇ. ಬಳ್ಳಾರಿಯಲ್ಲಿ ಬಣ್ಣದ ಮೀನು ಸಾಕಿ ಮಾರುವ ಖಾಜಾಭಾಯಿಯ ಸಿಮೆಂಟ್ ತೊಟ್ಟಿಯಲ್ಲಿ ಮೊಟ್ಟೆಯೊಡೆದು ಬಂದೆ. ನೀರಿನಾಚೆಗೂ ಲೋಕವಿದೆ ಎಂದು ತಿಳಿದದ್ದು ಅಂಗಡಿಯ ಗಾಜಿನ ಪೆಟ್ಟಿಗೆಗೆ ಬಂದ ಮೇಲೆ. ಅಬ್ಬಾ, ಎಷ್ಟೊಂದು ಮುಖಗಳು!

ಒಂದು ದಿನ ಯರ್ರಿಸ್ವಾಮಿ ಹೆಂಡತಿ ಪಂಪಕ್ಕನ ಜೊತೆ ಬಂದರು. ಲಾರಿ ಓಡಿಸಿ ಓಡಿಸಿ ದಣಿದು ಮನೆ ಸೇರಿದವರು. ಬಾಗಿಲಲ್ಲೇ ನಿಂತರು. ಪಂಪಕ್ಕನೇ ಹೇಳಿದರು:

"ಹೋದ ಸಲ ಇವರು ಸಣ್ಣದು ಅಂತ ಒಂದು ಮೀಸೆ ಮೀನು ತಂದ್ರು, ಭಾಯಿ. ಅದು ಬೆಳದು ನಮ್ಮ ಮಿಂಚೋ ಪುಟ್ಟ ಟೆಟ್ರಾ ಮೀನೆಲ್ಲ ನುಂಗಿಬಿಡ್ತು. ಅವತ್ತಿನಿಂದ ಇವರು ಮೀನಿನ ಪೆಟ್ಟಿಗೆ ಕಡೆ ಮುಖ ಹಾಕಿಲ್ಲ. ಈಗ ಹೊಸಾ ಟೆಟ್ರಾ ಬಿಟ್ಟೀನಿ. ಅವುಗಳ ಜೊತಿ ಹೊಂದಿಕೊಂಡು ಇರೋವು ಕೊಡ್ರಿ."

"ಬಣ್ಣ ನೋಡಬ್ಯಾಡ್ರಿ ಅಕ್ಕಾ, ಬಾಯಿ ನೋಡ್ರಿ," ಎಂದ ಖಾಜಾಭಾಯಿ ನಮ್ಮತ್ತ ಬೆರಳು ಮಾಡಿದ. "ಬಾಯಾಗ ಹಿಡಿಸಿದ್ದೆಲ್ಲ ಮೀನಿಗೆ ಊಟ. ಇವು ಎಷ್ಟು ಬೆಳದ್ರೂ ಇಷ್ಟೇ. ತಳದಾಗ ಬಿದ್ದಿದ್ದು ಹುಡುಕಿ ತಿಂತಾವು. ಒಂಟಿಯಾದ್ರ ಸೊರಗ್ತಾವು, ಆರು ಒಯ್ರಿ. ಕೆಳಗ ನುಣ್ಣನೆ ಮರಳು ಹಾಕ್ರಿ."

ಯರ್ರಿಸ್ವಾಮಿ ಮೆಲ್ಲಗೆ ಬಂದು ಮೊಣಕಾಲೂರಿ ನನ್ನ ಬಾಯಿಯನ್ನೇ ನೋಡಿದರು. ಬೆಟ್ಟವೊಂದು ಬಗ್ಗಿ ನೋಡಿದಂತಿತ್ತು.

ನಮ್ಮ ಆರನ್ನೂ ಒಯ್ದರು. ಅವರ ಮನೆಯಲ್ಲಿ ಟೆಟ್ರಾಗಳು ನನ್ನ ತಲೆಯ ಮೇಲೆ ಮಿಂಚಿನಂತೆ ಹರಿದವು. ಅಂಥ ಬೆಳಕನ್ನು ನಾನು ಕಂಡಿರಲಿಲ್ಲ. ಯರ್ರಿಸ್ವಾಮಿಗೆ ಮಾತ್ರ ನಮ್ಮ ಮೇಲೆ ನಂಬಿಕೆಯಿಲ್ಲ. ವಾರವಿಡೀ ಕುರ್ಚಿ ಹಾಕಿಕೊಂಡು ಕಾವಲು ಕೂತರು.

ಬೇಸಿಗೆಯ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಗುಳ್ಳೆ ಬಿಡುವ ಪಂಪ್ ನಿಂತಿತು. ನೀರು ಕಾದು ಉಸಿರು ಕಟ್ಟಿತು. ನಾವು ಮೇಲಕ್ಕೇರಿ ಗಾಳಿ ಗುಟುಕರಿಸಿ ಇಳಿಯಬಲ್ಲೆವು. ಟೆಟ್ರಾಗಳಿಗೆ ಆ ವಿದ್ಯೆ ಬರದು. ಅವು ಮೇಲೆ ಗುಂಪುಗೂಡಿ ಬಾಯಿ ಬಾಯಿ ಬಿಡತೊಡಗಿದವು.

"ಪಂಪಾ, ಇವೂ ಹೋಗ್ತಾವಲ್ಲೇ!" ಎಂದು ಯರ್ರಿಸ್ವಾಮಿ ಕೂಗಿದರು.

ಚೊಂಬು ತಂದರು. ನಮ್ಮ ನೀರನ್ನೇ ಮೊಗೆದು ಎತ್ತರದಿಂದ ಸುರಿದರು. ಮತ್ತೆ ಮೊಗೆದರು, ಮತ್ತೆ ಸುರಿದರು; ಸುರಿದಂತೆಲ್ಲ ನೀರಿಗೆ ಗಾಳಿ ಬೆರೆಯಿತು. ಪಂಪಕ್ಕ ಗಡಿಗೆಯ ತಂಪು ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿದರು. ಕೈ ಸೋತರೂ ಯರ್ರಿಸ್ವಾಮಿ ಬಿಡಲಿಲ್ಲ. ಸಂಜೆ ಕರೆಂಟ್ ಬರುವ ಹೊತ್ತಿಗೆ ಟೆಟ್ರಾಗಳು ಒಂದೂ ತಪ್ಪದೆ ಈಜಾಡುತ್ತಿದ್ದವು.

ಮಳೆ ಬಂದರೆ ಮೊಟ್ಟೆಯಿಡುವ ಜಾತಿ ನಮ್ಮದು. ಆ ತಂಪನ್ನು ಮಳೆ ಬಂತೆಂದು ನಮ್ಮ ಮೈ ತಿಳಿಯಿತೋ ಏನೋ. ಮರುದಿನ ಬೆಳಿಗ್ಗೆ ಗಾಜಿನ ತುಂಬ ಸಾಸಿವೆಯಂಥ ನಮ್ಮ ಮೊಟ್ಟೆಗಳು! ಯರ್ರಿಸ್ವಾಮಿ ಅವುಗಳ ಮುಂದೆ ಕೈಕಟ್ಟಿ ನಿಂತರು.

"ನಾನೇನೂ ಮಾಡ್ಲಿಲ್ಲಲ್ಲೇ ಪಂಪಾ," ಎಂದರು.

ಈಗ ನನಗೆ ವಯಸ್ಸಾಗಿದೆ. ಗಿಡದ ನೆರಳಿನ ಮೂಲೆಯಲ್ಲೇ ಇರುತ್ತೇನೆ. ಉಸಿರಿಗೆ ನೀರು ಬೇಡದ ಲೋಕದವನೊಬ್ಬ, ನಮಗಾಗಿ ಮಧ್ಯಾಹ್ನವಿಡೀ ನೀರೆತ್ತಿ ಸುರಿದದ್ದು ಏಕೆ? ನನಗೆ ಇಂದಿಗೂ ತಿಳಿದಿಲ್ಲ. ಉಸಿರಿಗೆಂದು ಮೇಲೆ ಬಂದಾಗಲೆಲ್ಲ ಆ ಮುಖವನ್ನು ಒಮ್ಮೆ ನೋಡಿಯೇ ಇಳಿಯುತ್ತೇನೆ.