ಪೈಲ್ವಾನನ ಮೂರು ಡೋಸು

ಪರೀಕ್ಷೆಯ ಪ್ಲೇಟಿನ ಒಂಬತ್ತು ಪುಟ್ಟ ಗುಂಡಿಗಳು ಹಳದಿಯಾದವು. ಹತ್ತನೆಯದು ಮಾತ್ರ ನಲ್ಲಿ ನೀರಿನ ಹಾಗೆ ತಿಳಿಯಾಗಿಯೇ ಕೂತಿತ್ತು.

ಪೈಲ್ವಾನ ಪ್ಲೇಟನ್ನು ಕಣ್ಣ ಮಟ್ಟಕ್ಕೆ ಎತ್ತಿ ನೋಡಿದ. ಕಿಟಕಿಯ ಬೆಳಕಿಗೆ ಹಿಡಿದ. ಬಿಳಿ ಕಾಗದದ ಮೇಲಿಟ್ಟ. ಜಪ್ಪಯ್ಯ ಎಂದರೂ ಹತ್ತನೆಯ ಗುಂಡಿ ಬಣ್ಣಕ್ಕೆ ತಿರುಗಲಿಲ್ಲ. ಅದು ಬೇರೆ ಯಾರದ್ದೂ ಅಲ್ಲ, ಅವನದ್ದೇ ರಕ್ತ.

ಅವನು ಕೆಲಸ ಮಾಡುವುದು ಲಸಿಕೆ ತಯಾರಿಸುವ ಲ್ಯಾಬಿನಲ್ಲಿ. ಲಿವರಿಗೆ ಬಡಿಯುವ ಹೆಪಟೈಟಿಸ್ ಬಿ ಕಾಯಿಲೆಗೆ ಈಗ ಮೂರು ಡೋಸು ಹಾಕಿಸಿಕೊಳ್ಳಬೇಕು, ಅದನ್ನು ಎರಡಕ್ಕೆ ಇಳಿಸುವ ಹೊಸ ಲಸಿಕೆಗಾಗಿ ಅಲ್ಲಿ ಮೂರು ವರ್ಷದಿಂದ ಒದ್ದಾಟ ನಡೆದಿತ್ತು. ಹೊಸದು ಎಷ್ಟು ಚೆನ್ನಾಗಿದೆ ಅಂತ ಹೇಳಬೇಕಾದರೆ ಹಳೆಯದರ ಅಳತೆ ಕೈಯಲ್ಲಿರಬೇಕಲ್ಲ? ಅದಕ್ಕೇ ಹಳೆ ಲಸಿಕೆಯ ಮೂರೂ ಡೋಸು ತೆಗೆದುಕೊಂಡಿದ್ದ ಲ್ಯಾಬಿನ ಹತ್ತು ಜನರ ಬೆರಳು ಚುಚ್ಚಿ ನಾಲ್ಕು ನಾಲ್ಕು ತೊಟ್ಟು ರಕ್ತ ತೆಗೆದಿದ್ದರು. ರೋಗಾಣುವನ್ನು ಹಿಡಿದು ಕಟ್ಟಿಹಾಕುವ ಪ್ರತಿಕಾಯಗಳು ರಕ್ತದಲ್ಲಿದ್ದರೆ ಗುಂಡಿ ಹಳದಿಯಾಗುತ್ತದೆ. ಇಲ್ಲದಿದ್ದರೆ ಇಲ್ಲ.

ಯಾಕಿಲ್ಲ ಅಂತ ಪೈಲ್ವಾನನಿಗೆ ಚೆನ್ನಾಗಿ ಗೊತ್ತಿತ್ತು. ಮೂರರಲ್ಲಿ ಎರಡು ಡೋಸು ಅವನು ತೆಗೆದುಕೊಂಡೇ ಇರಲಿಲ್ಲ. ಒಂದಾದರೂ ಒಳಗೆ ಹೋಗಿದೆ, ಬಣ್ಣ ಬಂದೀತು ಅಂತ ಕಣ್ಣು ಮುಚ್ಚಿ ಬೆರಳು ಕೊಟ್ಟಿದ್ದ.

ನೋಡಲು ಆರಡಿ ಆಳು, ತೊಲೆಯಂಥ ತೋಳು. ಇಪ್ಪತ್ತು ಲೀಟರಿನ ನೀರಿನ ಕ್ಯಾನನ್ನು ಹೂವಿನ ಬುಟ್ಟಿ ಎತ್ತಿದ ಹಾಗೆ ಎತ್ತುತ್ತಾನೆ. ಸೂಜಿ ಕಂಡರೆ ಮಾತ್ರ ಹುಲಿ ಹೋಗಿ ಇಲಿ. ಎರಡು ವರ್ಷದ ಹಿಂದೆ ಕೆಲಸಕ್ಕೆ ಸೇರಿದಾಗ ಮೊದಲ ಡೋಸು ಹಾಕಿಸಿಕೊಂಡವನು ಕುರ್ಚಿಯಿಂದ ಎದ್ದಿದ್ದೇ ತಡ, ಕಡಿದ ಮರದ ಹಾಗೆ ಉರುಳಿದ್ದ, ಪಕ್ಕದ ಟ್ರೇಯನ್ನೂ ಪರದೆಯನ್ನೂ ಜೊತೆಗೆಳೆದುಕೊಂಡು. ಮುಖಕ್ಕೆ ನೀರು ಹೊಡೆದು ಎಬ್ಬಿಸಿದರು. "ಪೈಲ್ವಾನನ್ನ ಚಿತ್ ಮಾಡಿದ್ದು ಯಾರಪ್ಪ? ಒಂದು ಎಂಎಲ್ಲು!" ಅಂತ ವಾರವಿಡೀ ನಕ್ಕರು. ಆ ಹೆಸರು ಅಂಟಿಕೊಂಡಿದ್ದೇ ಆಗ. ಅವನೂ ಎಲ್ಲರ ಜೊತೆ ನಕ್ಕ, ಒಳಗೊಳಗೇ ಭೂಮಿ ಬಾಯಿಬಿಡಬಾರದೇ ಅಂದುಕೊಂಡ.

ಎರಡನೆಯ ಸಲ ಹೊರಗಿನ ಮೇಜಿನಲ್ಲಿ ಸಹಿ ಹಾಕಿದ, ಗುಮಾಸ್ತ ಟಿಕ್ಕು ಹಾಕಿದ. ಒಳಗೆ ಸಿಸ್ಟರ್ ಯಾರ ಮೇಲೋ ರೇಗುತ್ತಿದ್ದರು. ಪೈಲ್ವಾನ ಪರದೆಯ ಹಿಂದೆ ಸರಿದು, ಒಂದು ಚೂರು ಹತ್ತಿಯನ್ನು ತಾನೇ ತೋಳಿಗೆ ಟೇಪು ಹಚ್ಚಿ ಅಂಟಿಸಿಕೊಂಡು, ಮುಖ ಹಿಂಡಿಕೊಂಡು ಆಚೆ ಬಂದ. "ಪರವಾಗಿಲ್ವೇ, ಇವತ್ತು ನಿಂತೇ ಇದಾನೆ!" ಅಂತ ಗುಮಾಸ್ತ ಶಹಬ್ಬಾಸ್ ಕೊಟ್ಟ. ಮೂರನೆಯ ಸಲವೂ ಅದೇ ಕಥೆ.

ಈಗ ಹತ್ತನೆಯ ಗುಂಡಿ ಬಾಯಿಬಿಟ್ಟಿತ್ತು. ಪೈಲ್ವಾನ ಆಚೀಚೆ ನೋಡಿದ. ಒಂಬತ್ತನೆಯವರ ರಕ್ತದ ಟ್ಯೂಬು ಪಕ್ಕದಲ್ಲೇ ಇತ್ತು. ಅದನ್ನೇ ತನ್ನ ಹೆಸರಲ್ಲಿ ಇನ್ನೊಮ್ಮೆ ಹಾಕಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಕೈ ರಕ್ತ ಹೀರುವ ಪಿಪೆಟ್ಟಿಗೆ ಹೋಗಿಯೂ ಆಗಿತ್ತು. ಅಷ್ಟರಲ್ಲಿ ಪಟಾಕಿ ಬಂದಳು. ಪಟಾಕಿ ಅಂದರೆ ಪಕ್ಕದ ಬೆಂಚಿನ ಹುಡುಗಿ, ಅವನ ಜೊತೆಗೇ ಕೆಲಸಕ್ಕೆ ಸೇರಿದವಳು. ಬಾಯಿ ತೆರೆದರೆ ಸರಪಟಾಕಿ.

"ಅಣ್ಣಾ, ಹೇಗ್ ಬಂತು? ಅಯ್ಯೋ, ಇದ್ಯಾವ್ದು ಬೋಳು ಗುಂಡಿ?"

"ಏನೋ ಕೈತಪ್ಪಿರ್ಬೇಕು. ಇನ್ನೊಂದ್ಸಲ ಹಾಕ್ತೀನಿ ಬಿಡು."

"ನಿಮ್ಮ ಕೈ ತಪ್ಪುತ್ತಾ? ಸೂರ್ಯ ಪಶ್ಚಿಮಕ್ಕೆ ಹುಟ್ಟಿದ ಹಾಗೆ! ಯಾರ್ದಿದು? ಹತ್ತು... ಅಣ್ಣಾ! ನಿಮ್ದೇ!"

ಅವಳ ಕಣ್ಣೆದುರಿಗೇ ಮತ್ತೆ ಎರಡು ಸಲ ಹಾಕಬೇಕಾಯಿತು. ಎರಡು ಸಲವೂ ನೀರು. ಪಟಾಕಿಯ ಕಣ್ಣುಗಳು ಹೊಳೆಯತೊಡಗಿದವು.

"ನೂರಕ್ಕೆ ಐದೋ ಹತ್ತೋ ಜನಕ್ಕೆ ಈ ಲಸಿಕೆ ಹತ್ತೋದೇ ಇಲ್ವಂತೆ. ನಾವು ಪುಸ್ತಕದಲ್ಲಿ ಓದ್ತಾ ಕೂತಿದೀವಿ, ನೀವು ನೋಡಿದ್ರೆ ನನ್ನ ಪಕ್ಕದ ಸ್ಟೂಲಲ್ಲೇ ಇದೀರ! ಕಳ್ಳನ ಫೋಟೋ ಮೂರ್ ಮೂರ್ ಸಲ ತೋರ್ಸಿದ್ರೂ ನಿಮ್ಮ ಒಳಗಿನ ಪೊಲೀಸ್ರು ‘ಯಾರೋ ಗೊತ್ತಿಲ್ಲ ಸಾರ್’ ಅಂತಿದಾರಲ್ಲ!"

ಆಗಲೇ ಹೇಳಿಬಿಡಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು ಕೂಡ. ಆದರೆ ಆ ತುದಿಯಿಂದ ಬಿದ್ದದ್ದು ಬರೀ, "ಹೌದಾ?"

ಅಷ್ಟೇ ಸಾಕಾಯಿತು. ಸಂಜೆಯ ಹೊತ್ತಿಗೆ ಇಡೀ ಲ್ಯಾಬು ಪೈಲ್ವಾನನ ಮೈ ಬಗ್ಗೆ ಮಾತಾಡುತ್ತಿತ್ತು. ಸೋಂಕು ತಗಲೀತೆಂದು ಅವನನ್ನು ರೋಗಿಗಳ ರಕ್ತ ಬರುವ ಬೆಂಚಿನಿಂದ ಎಬ್ಬಿಸಿ ಕಾಗದಪತ್ರದ ಮೇಜಿಗೆ ಕಳಿಸಿದರು. ಹಿಂದೆ ಗೇಲಿ ಮಾಡಿದವರೇ ಬಂದು ಬೆನ್ನು ಸವರಿದರು. "ಅವತ್ತು ಬಿದ್ದೆಯಲ್ಲ, ಅದಕ್ಕೂ ಇದಕ್ಕೂ ಏನೋ ಸಂಬಂಧ ಇರ್ಬೇಕು ಮಾರಾಯ. ಪಾಪ, ನಾವು ನಗಾಡಿಬಿಟ್ವಿ." ಆ ಕನಿಕರ ಅವನಿಗೆ ಮುಳ್ಳಿನ ಅಂಗಿ ತೊಟ್ಟ ಹಾಗಾಯಿತು. ಇತ್ತ ಪಟಾಕಿ ಅವನ ಮೇಲೆ ಒಂದು ವರದಿಯನ್ನೇ ಬರೆಯಲು ಕೂತಳು.

ಅವಳೇ ಅವನ ಹೆಂಡತಿಗೂ ಫೋನು ಮಾಡಿ ಧೈರ್ಯ ಹೇಳಿದ್ದಳು. ಮನೆಗೆ ಹೋದರೆ ಅವನ ಲೋಟ ಬೇರೆ, ತಟ್ಟೆ ಬೇರೆ, ಕುಡಿಯಲು ಕುದಿಸಿದ ನೀರು ಬೇರೆ. ನಾಲ್ಕು ವರ್ಷದ ಮಗಳು ಎಂದಿನ ಹಾಗೆ ಹೆಗಲೇರಲು ಓಡಿ ಬಂದರೆ ಹೆಂಡತಿ ತಡೆದಳು.

"ಅಪ್ಪನ ಮೇಲೆ ಹತ್ಬೇಡ ಪುಟ್ಟಿ. ಅಪ್ಪಂಗೆ ಒಳಗೆ ಶಕ್ತಿ ಕಮ್ಮಿ."

ಮಗಳು ಅವನ ಹೊಟ್ಟೆಯನ್ನು ಒಂದೇ ಬೆರಳಲ್ಲಿ, ಮೆತ್ತಗೆ, ಒತ್ತಿ ನೋಡಿದಳು. "ನೋವಾಗತ್ತಾ ಅಪ್ಪ?"

ಹೀಗೇ ಹತ್ತು ದಿನ. ಇವತ್ತು ಹೇಳಿಬಿಡೋಣ, ಸೋಮವಾರ ಹೇಳೋಣ, ಪಟಾಕಿ ಒಬ್ಬಳೇ ಇದ್ದಾಗ ಹೇಳೋಣ. ಸುಳ್ಳಿಗೆ ದಿನ ಕಳೆದಷ್ಟೂ ಬೇರು ಇಳಿಯುತ್ತದೆ, ಕಿತ್ತರೆ ಮಣ್ಣೂ ಎದ್ದು ಬರುತ್ತದೆ. ಆದರೂ ಯಾರಿಗೇನು ನಷ್ಟ, ತನ್ನ ಮಾನ ತನ್ನ ಹತ್ತಿರ ಇರಲಿ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದ.

ಯಾರಿಗೇನು ನಷ್ಟ ಅನ್ನುವುದನ್ನು ತೋರಿಸಿಕೊಟ್ಟವರು ಲ್ಯಾಬಿನ ಮುಖ್ಯಸ್ಥೆ. ಎಲ್ಲರಿಗೂ ಅವರು ಮೇಡಂ. ಮಾತು ಕಮ್ಮಿ, ಕಣ್ಣು ಹದ್ದಿನದು. ಪಟಾಕಿಯ ಕರಡು ಓದಿದವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಅವಳ ಕಡೆ ತಿರುಗಿದರು.

"ನಿಂಗೂ ಬಣ್ಣ ತೆಳು ಬಂದಿದೆಯಲ್ಲ? ನೀವಿಬ್ರೂ ಮೂರನೇ ಡೋಸು ತಗೊಂಡಿದ್ದು ಒಂದೇ ದಿನ. ಮೈ ಸರಿಯಿಲ್ಲ ಅನ್ನೋಕ್ ಮುಂಚೆ ಮದ್ದು ಸರಿಯಿತ್ತಾ ನೋಡ್ಬೇಕು. ಆ ತಿಂಗಳ ಕೋಲ್ಡ್ ರೂಮಿನ ರಿಜಿಸ್ಟರು ತರ್ಸು."

ಲಸಿಕೆ ಇಡುವ ಕೋಲ್ಡ್ ರೂಮು ಅಂದರೆ ಐಸ್ ತಾತ. ವಯಸ್ಸು ಐವತ್ತೆಂಟೇ, ತಲೆ ಮಾತ್ರ ಪೂರ್ತಿ ಬಿಳಿ, ಬೇಸಿಗೆಯಲ್ಲೂ ಸ್ವೆಟರು. ಈ ಲಸಿಕೆ ಎರಡರಿಂದ ಎಂಟು ಡಿಗ್ರಿ ಒಳಗೇ ಇರಬೇಕು. ಬಿಸಿಯಾದರೂ ಕೆಡುತ್ತದೆ, ಹೆಪ್ಪುಗಟ್ಟಿದರಂತೂ ಮುಗಿದೇ ಹೋಯಿತು. ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ನಾಲ್ಕಕ್ಕೆ ಥರ್ಮಾಮೀಟರು ನೋಡಿ ಕೈಯಲ್ಲಿ ಬರೆದಿಡುವುದು ತಾತನ ಕೆಲಸ. ಹತ್ತೊಂಬತ್ತು ವರ್ಷದಲ್ಲಿ ಒಂದು ಬಾಟಲಿಯೂ ಅವನ ಕೈಯಲ್ಲಿ ಕೆಟ್ಟಿರಲಿಲ್ಲ. "ನನ್ ಹೆಂಡ್ತಿಗಿಂತ ಈ ಬಾಗಿಲನ್ನೇ ಜಾಸ್ತಿ ಸಲ ಮುಚ್ಚಿದೀನಿ" ಅಂತ ತಮಾಷೆ ಮಾಡುವವನು. "ಅರ್ಥ ಏನು ತಾತ?" ಅಂತ ಕೇಳಿದರೆ, "ಅರ್ಥ ಇದ್ರೆ ತಮಾಷೆ ಯಾಕಾಗತ್ತೆ?" ಅನ್ನುವವನು.

ರಿಜಿಸ್ಟರು ಮೇಡಂ ಕೋಣೆಗೆ ಹೋದ ಮಾರನೆಯ ದಿನ, ಊಟದ ಹೊತ್ತಿಗೆ, ತಾತ ಪೈಲ್ವಾನನ ಮೇಜಿನ ಹತ್ತಿರ ಬಂದ.

"ಒಂದ್ನಿಮಿಷ ಆಚೆ ಬಾರಪ್ಪ."

ಕೋಲ್ಡ್ ರೂಮಿನ ಬಾಗಿಲ ಮುಂದೆ ನಿಂತು ತಾತ ತನ್ನ ಚಪ್ಪಲಿಯನ್ನೇ ನೋಡುತ್ತಾ ಹೇಳಿದ.

"ಆ ಮೂರನೇ ಡೋಸಿನ ಹಿಂದಿನ ದಿನ ನಾಲ್ಕು ಗಂಟೆಗೆ ನಾನಿಲ್ಲಿ ಇರ್ಲಿಲ್ಲ ಕಣೋ. ಮೊಮ್ಮಗಳನ್ನ ಸ್ಕೂಲಿಂದ ಕರ್ಕೊಂಡ್ ಬರೋಕೆ ಯಾರೂ ಇರ್ಲಿಲ್ಲ, ಓಡ್ದೆ. ಮಾರನೇ ದಿನ ಬಂದು ಐದು ಡಿಗ್ರಿ ಅಂತ ಬರೆದ್ಬಿಟ್ಟೆ. ನೋಡಿ ಬರೆದಿದ್ದಲ್ಲ. ಯಾವಾಗ್ಲೂ ಐದೇ ತಾನೇ ಇರತ್ತೆ ಅಂತ. ಅದೊಂದೇ ಅಂಕಿ. ಹತ್ತೊಂಬತ್ತು ವರ್ಷದಲ್ಲಿ ಅದೊಂದೇ."

"ತಾತ..."

"ಆ ರಾತ್ರಿ ಒಳಗೆ ಹೆಪ್ಪುಗಟ್ಟಿತ್ತೋ ಏನೋ ಯಾರಿಗೊತ್ತು? ನಿನ್ ಮೈಗೆ ಅನ್ಯಾಯ ಮಾಡ್ಬಿಟ್ಟೆ ಮಗ. ಚಿಕ್ ಮಗು ಇರೋನು ನೀನು." ತಾತನ ದನಿ ಒಡೆಯಿತು. "ಬೆಳಿಗ್ಗೆ ಎಲ್ಲಾ ಬರೆದು ಮೇಡಂಗೆ ಕೊಟ್ಟು ಬಂದೆ. ನಿನಗೂ ನಾನೇ ಹೇಳ್ಬೇಕಲ್ಲ, ಅದಕ್ಕೆ ಬಂದೆ."

ಪೈಲ್ವಾನನ ಕತ್ತಿನಿಂದ ಕಿವಿಯವರೆಗೆ ಬಿಸಿ ಏರಿತು. ತನಗಿಂತ ಇಪ್ಪತ್ತೈದು ವರ್ಷ ದೊಡ್ಡವನು ತನ್ನೆದುರು ತಲೆ ತಗ್ಗಿಸಿ ನಿಂತಿದ್ದಾನೆ, ಕ್ಷಮೆ ಕೇಳುತ್ತಿದ್ದಾನೆ!

"ತಾತ, ಆ ಅರ್ಜಿ ವಾಪಸ್ ತಗೊ. ನಾನು ಆ ಇಂಜೆಕ್ಷನ್ನೇ ಚುಚ್ಚಿಸ್ಕೊಂಡಿಲ್ಲ."

ತಾತ ತಲೆ ಎತ್ತಿದ. ಕಣ್ಣಲ್ಲಿ ನೀರಿದ್ದರೂ ನಕ್ಕ. ಪೈಲ್ವಾನನ ತೋಳು ಹಿಡಿದುಕೊಂಡ.

"ನನ್ನ ಉಳಿಸೋಕೆ ನೀನ್ ಸುಳ್ಳು ಹೇಳ್ಬೇಡ ಕಣೋ. ದೊಡ್ಡ ಗುಣ ನಿಂದು. ಬೇಡ."

ಇದಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು. ಪೈಲ್ವಾನ ಈಗ ತಾನು ಹೇಡಿ ಅನ್ನುವುದನ್ನು ಸಾಕ್ಷಿ ಸಮೇತ ನಂಬಿಸಬೇಕಾಯಿತು. ಪರದೆ ಎಲ್ಲಿತ್ತು, ಹತ್ತಿ ಎಲ್ಲಿಂದ ತೆಗೆದ, ಟೇಪು ಹಲ್ಲಲ್ಲಿ ಹೇಗೆ ಹರಿದ, ಗುಮಾಸ್ತ ಏನಂದ, ಎಲ್ಲ ಹೇಳಿದ. ಎರಡನೆಯ ಡೋಸಿನದ್ದೂ ಹೇಳಿದ. ಹೇಳುತ್ತಾ ಹೋದ ಹಾಗೆ ತೋಳಿನ ಮೇಲಿದ್ದ ತಾತನ ಹಿಡಿತ ಸಡಿಲವಾಗುತ್ತಾ ಬಂತು. ಕೊನೆಗೆ ಕೈ ಜಾರಿ ಸ್ವೆಟರಿನ ಜೇಬು ಸೇರಿತು.

"ಹತ್ತು ದಿನದಿಂದ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ನಾನು ನಿನ್ನೆ ರಾತ್ರಿಯಿಡೀ ಕೂತು ಬರೆದೆ," ಅಂದ ತಾತ. ಬೈಯಲಿಲ್ಲ. ಬೈದಿದ್ದರೆ ಪೈಲ್ವಾನನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವನು ಮೆಟ್ಟಿಲನ್ನು ಎರಡೆರಡು ಹಾರಿಕೊಂಡು ಮೇಡಂ ಕೋಣೆಗೆ ಹೋದ. ಪಟಾಕಿ ಅಲ್ಲೇ ಇದ್ದಳು, ಅವನ ಮೇಲಿನ ವರದಿಯ ಹಾಳೆಗಳನ್ನು ಹರಡಿಕೊಂಡು. ಒಂದೇ ಉಸಿರಿಗೆ ಎಲ್ಲ ಕಕ್ಕಿದ.

ಪಟಾಕಿ ಠುಸ್ಸೆಂದಳು. ಹಾಳೆಗಳನ್ನು ಒಂದೊಂದಾಗಿ ಜೋಡಿಸಿದಳು. "ನಿಮ್ಮ ಹೆಂಡ್ತಿ ಹತ್ರ ಅರ್ಧ ಗಂಟೆ ಮಾತಾಡಿದ್ದೆ ಅಣ್ಣ. ಅವ್ರು ಅತ್ರು. ನಾನೂ ಅತ್ತೆ," ಅಂದಳು. ಅಷ್ಟು ಸಣ್ಣ ದನಿ ಅವಳದ್ದು ಅಂತ ನಂಬುವುದೇ ಕಷ್ಟವಾಗಿತ್ತು.

"ಹತ್ತು ಜನದ ಅಳತೆ ಈಗ ಒಂಬತ್ತು ಜನದ್ದಾಯ್ತು," ಅಂದರು ಮೇಡಂ. "ಸದ್ಯ, ಅಳತೆ ಲ್ಯಾಬಿಂದ ಆಚೆ ಹೋಗೋಕ್ ಮುಂಚೆ ಬಾಯಿಬಿಟ್ರಿ. ಹೇಳಿದ್ದನ್ನೆಲ್ಲ ಕೈಯಲ್ಲಿ ಬರೆದು ಸಹಿ ಹಾಕಿ."

"ಹಾಕ್ತೀನಿ ಮೇಡಂ. ತಾತನ ಅರ್ಜಿ ಹರಿದುಹಾಕಿ. ಅವ್ರದ್ದೇನೂ ತಪ್ಪಿಲ್ಲ."

"ಅವರು ಬರೆದಿದ್ದು ಸುಳ್ಳಾ?"

"ಮದ್ದು ಕೆಟ್ಟಿರ್ಲಿಲ್ಲ ಮೇಡಂ, ಪಟಾಕಿಗೆ ತೆಳುವಾದ್ರೂ ಹಳದಿ ಬಂದಿದೆ, ನಾನಂತೂ ತಗೊಂಡೇ ಇಲ್ಲ ಅಂದ್ಮೇಲೆ..."

"ನಾನ್ ಕೇಳಿದ್ದು ಅದಲ್ಲ. ನಾಲ್ಕು ಗಂಟೆ ಅಂಕಿ ನೋಡದೇ ಬರೆದಿದ್ದು ಸುಳ್ಳಾ?"

ಪೈಲ್ವಾನ ಮೇಜಿನ ಮೇಲಿದ್ದ ತಾತನ ಕಾಗದ ನೋಡಿದ.

"ಓದಿದ್ಮೇಲೆ ಓದಿಲ್ಲ ಅನ್ನೋಕಾಗಲ್ಲ," ಅಂದರು ಮೇಡಂ. ಅವರಿಗೂ ಅದು ಹಿತವಾಗಿ ಕಾಣಲಿಲ್ಲ. "ಇಷ್ಟು ವರ್ಷ ಯಾರೂ ಕೇಳಿರ್ಲಿಲ್ಲ, ಅವ್ರಿಗೂ ಹೇಳೋ ಪ್ರಸಂಗ ಬಂದಿರ್ಲಿಲ್ಲ. ನೀವು ತಂದ್ರಿ."

ಎರಡು ಕಾಗದಗಳೂ ಒಂದೇ ಫೈಲಿನಲ್ಲಿ ಕೂತವು, ಒಂದರ ಬೆನ್ನಿಗೊಂದು. ಕೋಲ್ಡ್ ರೂಮಿನ ಬೀಗದ ಕೈ ತಾತನ ಹತ್ತಿರವೇ ಉಳಿಯಿತು. ರಿಜಿಸ್ಟರು ಬರೆಯುವ ಕೆಲಸ ಮಾತ್ರ ಗುಮಾಸ್ತನ ಪಾಲಾಯಿತು. ಹತ್ತಕ್ಕೆ, ನಾಲ್ಕಕ್ಕೆ ಗುಮಾಸ್ತ ಬಂದು ಥರ್ಮಾಮೀಟರು ನೋಡುವಾಗ ತಾತ ಬಾಗಿಲು ತೆರೆದು ಹಿಡಿದು ನಿಲ್ಲುತ್ತಿದ್ದ, ತನ್ನ ಮನೆಗೆ ಬಂದ ಅಧಿಕಾರಿಗೆ ದಾರಿ ಬಿಟ್ಟ ಹಾಗೆ.

ಮನೆಯಲ್ಲಿ ಹೆಂಡತಿ ಮೊದಲು ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ತಟ್ಟನೆ ನಿಂತಿತು. "ಮಗೂಗೆ ನಾನು ಏನೇನೋ ಹೇಳಿದೀನಿ ರೀ. ಅದನ್ನ ನೀವೇ ಹೋಗಿ ಸರಿ ಮಾಡಿ. ನಾನ್ ಮಾಡಲ್ಲ."

ಮುಂದಿನ ವಾರವೇ ಹೊಸ ನಿಯಮ ಬಂತು: ಯಾರೇ ಲಸಿಕೆ ಹಾಕಿಸಿಕೊಳ್ಳಲಿ, ಸೂಜಿ ಹೋದದ್ದನ್ನು ಕಣ್ಣಾರೆ ಕಂಡ ಒಬ್ಬ ಸಾಕ್ಷಿ ಸಹಿ ಹಾಕಬೇಕು. ಅವತ್ತು ಲಸಿಕೆಗೆ ನಿಂತ ಹದಿನೈದು ಜನರ ಸಾಲು ಗೊಣಗಿತು. "ಒಬ್ರು ಮಾಡಿದ ಘನಕಾರ್ಯಕ್ಕೆ ಊರಿಗೆಲ್ಲಾ ಪರೀಕ್ಷೆ!" ಪೈಲ್ವಾನ ಎಲ್ಲರಿಗಿಂತ ಒಂದು ತಲೆ ಎತ್ತರ, ಬಚ್ಚಿಟ್ಟುಕೊಳ್ಳಲೂ ಜಾಗವಿಲ್ಲ.

ಅವನ ಸರದಿ ಬಂತು. "ಸಾಕ್ಷಿ ಯಾರು?" ಅಂದರು ಸಿಸ್ಟರ್.

ಸಾಲಿನಲ್ಲಿ ಒಬ್ಬ ಫೋನು ನೋಡಿದ, ಇನ್ನೊಬ್ಬ ಸೂರು ನೋಡಿದ. ಲಸಿಕೆಯ ಪೆಟ್ಟಿಗೆ ತಂದಿದ್ದ ಐಸ್ ತಾತ ಬಾಗಿಲ ಬಳಿ ನಿಂತಿದ್ದ.

"ನಾನ್ ನೋಡ್ತೀನಿ," ಅಂದ.

ಕನ್ನಡಕ ಹಾಕಿಕೊಂಡು ಹತ್ತಿರ ಬಂದು ಬಗ್ಗಿದ. ಪೈಲ್ವಾನ ಕಣ್ಣು ಮುಚ್ಚಲಿಲ್ಲ. ಸೂಜಿ ಹೋಯಿತು, ಬಂತು. ಕಿವಿಯಲ್ಲಿ ಗುಂಯ್ ಅಂತು. ಜೀವನದಲ್ಲಿ ಮೊದಲ ಸಲ, ಈಗ ಬಿದ್ದುಬಿಟ್ಟರೆ ಎಷ್ಟು ಚೆನ್ನ, ಎಲ್ಲರೂ ನಕ್ಕುಬಿಡುತ್ತಾರೆ, ತಾತನೂ ನಗಬಹುದು ಅನ್ನಿಸಿತು. ಬೀಳಲಿಲ್ಲ. ಕಂಬದ ಹಾಗೆ ಕೂತೇ ಇದ್ದ.

ತಾತ ಗೋಡೆಯ ಗಡಿಯಾರ ನೋಡಿದ. ಪೆನ್ನು ತೆಗೆದ. ಬರೆಯುವ ಮುಂಚೆ ಇನ್ನೊಮ್ಮೆ ಗಡಿಯಾರ ನೋಡಿದ. ಹನ್ನೊಂದು ಇಪ್ಪತ್ತೆರಡು ಅಂತ ಬರೆದು, ಕೆಳಗೆ ಸಹಿ ಎಳೆದು, ರಿಜಿಸ್ಟರನ್ನು ಸಿಸ್ಟರ್ ಕಡೆ ತಿರುಗಿಸಿದ.

"ಇನ್ನೂ ಒಂದಿದೆ ತಾತ," ಅಂದ ಪೈಲ್ವಾನ. ಏನಾದರೊಂದು ಹೇಳಬೇಕಿತ್ತು, ಅದೇ ಬಂತು. "ಐದು ತಿಂಗಳಾದ್ಮೇಲೆ."

"ಗೊತ್ತು," ಅಂದ ತಾತ, ಪೆಟ್ಟಿಗೆಯ ಮುಚ್ಚಳ ಒತ್ತುತ್ತಾ. "ಅದಕ್ಕೆ ಬೇರೆ ಯಾರನ್ನಾದ್ರೂ ಕೇಳು."