ಚಿಕ್ಕಬೀರಯ್ಯನ ಮೂಗು

ಹುಣಸೂರಿನ ಕಾಲೇಜಿನಲ್ಲಿ ಮಧುಶ್ರೀ ಕಾಗ್ನಿಟಿವ್ ಸೈನ್ಸ್ ತೆಗೆದುಕೊಂಡಿದ್ದಳು. ಮಿದುಳು ಲೋಕವನ್ನು ಅರಿಯುವ ಬಗೆಯನ್ನು ಕಲಿಸುವ ವಿಷಯ. ಮನೆಯವರ ಕಣ್ಣು ಕಟ್ಟಿ, ವಾಸನೆಯಿಂದಲೇ ವಸ್ತು ಗುರುತಿಸುತ್ತಾರಾ ನೋಡಿ ಬನ್ನಿ ಎಂದಿದ್ದರು ಮೇಡಂ. ಅವಳಿಗೆ ನಗು ಬಂತು. ಬೆಂಕಿಯ ಕಾವಲ್ಲಿ ಸೊಪ್ಪು ಹದ ಮಾಡುವ ಬ್ಯಾರನ್ನಿನ ಬಾಗಿಲಲ್ಲಿ ನಿಂತು, ಒಳಗೆ ಬೇಯುವ ಹೊಗೆಸೊಪ್ಪಿನ ಹದವನ್ನು ಮೂಸಿಯೇ ಹೇಳುವ ಅಪ್ಪನಿಗೆ ಇದೂ ಒಂದು ಪರೀಕ್ಷೆಯೇ!

ಜಗಲಿಯಲ್ಲಿ ಕೂತ ಚಿಕ್ಕಬೀರಯ್ಯನ ಕಣ್ಣಿಗೆ ಟವೆಲ್ ಕಟ್ಟಿ, ಜಜ್ಜಿದ ಬೆಳ್ಳುಳ್ಳಿ ಹಿಡಿದಳು.

“ಕಾಫಿಪುಡಿ,” ಎಂದ ಅಪ್ಪ.

ತಮಾಷೆ ಮಾಡುತ್ತಿದ್ದಾನೆಂದುಕೊಂಡು ಹೊಗೆಸೊಪ್ಪನ್ನೇ ಹಿಡಿದಳು. ಅಪ್ಪ ಎರಡು ಮೂರು ಸಲ ಮೂಸಿ ಕೈ ಚಾಚಿದ. “ಮುಟ್ಟಿ ನೋಡ್ಬೋದಾ ಮಗ?”

“ಯಾವಾಗ್ನಿಂದಪ್ಪ ಇಂಗೆ?”

“ಓದ್ ವರ್ಸ ಜ್ವರ ಬಂತಲ್ಲ, ಆಗ್ನಿಂದ. ಬ್ಯಾರನ್‌ನೂ ಅಂದಾಜ್ ಮೇಲೇ ನೋಡ್ಕತಾವ್ನಿ. ನಿಮ್ಮವ್ವಂಗೆ ಏಳ್ಬ್ಯಾಡ. ವಾಪಸ್ ಬತ್ತದಂತಾ, ನಿಮ್ ಪಾಠದಲ್ಲಿ?”

ಜ್ವರದಲ್ಲಿ ಹೋದ ವಾಸನೆ ವರ್ಷ ಕಳೆದ ಮೇಲೆ ಮರಳುವುದು ಅಪರೂಪವೆಂದು ಮೇಡಂ ಹೇಳಿದ್ದರು. ಮಧುಶ್ರೀ ಅಪ್ಪನ ಕಣ್ಣಿನ ಟವೆಲನ್ನು ಬಿಚ್ಚಲಿಲ್ಲ.

ಹಿತ್ತಿಲಲ್ಲಿ ಪಾತ್ರೆ ಬೆಳಗುತ್ತಿದ್ದ ಅವ್ವ ಕೂಗಿದಳು: “ಒಲೆ ಮೇಲೆ ಸಾರಿಕ್ಕಿವ್ನಿ, ವಾಸ್ನೆ ಬತ್ತಾ ಅದಾ?”

ಅಪ್ಪ ಎದೆ ತುಂಬ ಉಸಿರೆಳೆದುಕೊಂಡ.

“ಗಮ್ಮಂತದೆ ಕಣಮ್ಮಿ!”

ಒಳಗೆ ಸಾರು ತಳ ಹಿಡಿದು ಸೀಯುತ್ತಿತ್ತು.