ಸೌನಾ ಗುಡಿಸಲ ಹಿಂದಿನ ಹೆಜ್ಜೆಸಾಲು

ನೆರೆಮನೆಯ ಬೇಟೆಗಾರ ಉರ್ಪೊ ಅಂಗೈಯಿಂದ ಕಿಟಕಿಯ ಹಬೆ ಒರೆಸಿ ಹೊರಗೆ, ಹಬೆಸ್ನಾನದ ಸೌನಾ ಗುಡಿಸಲ ಕಡೆ ಬಗ್ಗಿ ನೋಡಿದ. ಫಿನ್‌ಲೆಂಡಿನ ಬಡಗಣ ದಿಕ್ಕಿನ ಒಂದು ಹಳ್ಳಿ ಅದು. ಎಲ್ವಿಯನ್ನು ಮಣ್ಣು ಮಾಡಿ ಬಂದವರು ಅವಳ ಅಡುಗೆಮನೆಯಲ್ಲೇ ಕಾಫಿಗೆ ಕೂತಿದ್ದರು.

“ನೋಡಿ, ಲಿಂಕ್ಸ್ ಬಂದು ಹೋಗಿದೆ! ಸೌನಾ ಗುಡಿಸಲ ಹಿಂದೆ ಹೆಜ್ಜೆಸಾಲು. ಎಲ್ವಿ ಇದ್ದಾಗ ಒಂದು ದಿನಾನೂ ಕಾಣ್ಲಿಲ್ಲ. ಅವಳು ಹೋದ್ಮೇಲೆ ಹೇಗೆ ಕಾಣ್ತಿದೆ?”

“ಸತ್ತವಳ ಮನೆ ಇದು ಉರ್ಪೊ. ಬಾಯಿಗೆ ಬನ್ ತುರುಕ್ಕೊಂಡು ಸುಮ್ನಿರು,” ಎಂದಳು ಎಲ್ವಿಯ ತಂಗಿ ಸೈಮಿ.

“ನನ್ನ ನಾಯೀನ ಅದು ಕೊಂದಿದ್ದು ಸುಳ್ಳೇನೇ? ಆ ಕಾಡುಬೆಕ್ಕಿಗೆ ಮಾಂಸ ಹಾಕಿ ಸಾಕಿದ್ಲು ನಿನ್ನಕ್ಕ. ಊರಿಗೆಲ್ಲ ಗೊತ್ತು.”

“ಊರಿಗೆ ಗೊತ್ತಿರೋದೆಲ್ಲ ನಿಜವಾದ್ರೆ ನಾನು ಎರಡು ಸಲ ಸತ್ತಿರ್ಬೇಕಿತ್ತು,” ಎಂದ ಮುದುಕ ಇಲ್ಮೊ. ಎಲ್ಲರೂ ನಕ್ಕರು. ಸೈಮಿ ನಗಲಿಲ್ಲ. ಅನುಮಾನ ಅವಳಿಗೂ ಇತ್ತು.

*

ಕ್ರಿಸ್ಮಸ್ಸಿಗೆ ಬಂದಾಗ ಸೈಮಿ ಕಂಡಿದ್ದಳು. ಬೆಳಕು ಹರಿಯುವ ಮೊದಲೇ ಅಕ್ಕ ಸ್ಕೀ ಕಟ್ಟಿಕೊಂಡು ಸೌನಾ ಗುಡಿಸಲ ಹಿಂದಿನಿಂದ ಕಾಡಿನಂಚಿಗೆ, ಒಂದೇ ದಾರಿಯಲ್ಲಿ ಮತ್ತೆ ಮತ್ತೆ ಹೋಗಿ ಬರುತ್ತಿದ್ದಳು.

“ಈ ಚಳೀಲಿ ಏನು ಮಾಡ್ತಿದ್ದೀಯೇ?”

“ಹಕ್ಕಿಗಳಿಗೆ ಓಟ್ಸ್ ತೆನೆ ಕಟ್ಟಿ ಬಂದೆ.”

ತೆನೆಯ ಕಟ್ಟು ಕಿಟಕಿಯೆದುರಿನ ಕಂಬದಲ್ಲೇ ತೂಗುತ್ತಿತ್ತು. ದೇವರನ್ನು ನೆನೆಯದೆ ತುತ್ತೆತ್ತದವಳು ತಂಗಿಗೆ ಸುಳ್ಳು ಹೇಳಿದ್ದಳು.

*

“ಬೇಟೆ ಪರವಾನಗಿ ನಾಳೆಗೆ ಮುಗಿಯುತ್ತೆ. ಬಂದೂಕು ಕಾರಲ್ಲೇ ಇದೆ,” ಎಂದು ಉರ್ಪೊ ಎದ್ದ.

“ನಾನೂ ಬರ್ತೀನಿ,” ಎಂದಳು ಸೈಮಿ. “ಮಾಂಸದ ಚೂರು ಸಿಕ್ಕಿದ್ರೆ ಊರಿಗೆಲ್ಲ ಹೇಳು. ಸಿಗದಿದ್ರೂ ನೀನೇ ಹೇಳ್ಬೇಕು.”

ಸೈಮಿ ಕಪ್ಪು ಲಂಗ ಎತ್ತಿ ಕಟ್ಟಿ, ಅಕ್ಕನ ಸ್ಕೀ ಹಾಕಿಕೊಂಡಳು. ಎಲ್ಲಿಯೂ ಮೂಳೆಯಿಲ್ಲ, ರಕ್ತವಿಲ್ಲ. ಹೆಜ್ಜೆಸಾಲಿನ ಪಕ್ಕದಲ್ಲಿ ಅಕ್ಕನ ಹಳೆಯ ಸ್ಕೀ ಗೆರೆಗಳು ಹೊಸ ಹಿಮದಡಿ ಮಸುಕಾಗಿದ್ದವು.

“ಒಂದೇ ಸಾಲು. ಒಂಟಿ ಗಂಡು,” ಎಂದು ಉರ್ಪೊ ಪಿಸುಗುಟ್ಟಿದ.

ಕಾಡಿನಂಚಿನ ಕಾಲುವೆಯ ಬಳಿ ಅವನು ನಿಂತುಬಿಟ್ಟ. ಜಿಗಿಯಬೇಕಾದ ಕಡೆ ಒಂದೇ ಸಾಲು ಮೂರಾಗಿ ಒಡೆದಿತ್ತು. ನಡುವಿನದು ಅಗಲ, ಅಕ್ಕಪಕ್ಕದವು ಚಿಕ್ಕವು.

“ಮರಿಗಳು... ತಾಯಿ ಹೆಜ್ಜೇಲೇ ಕಾಲಿಟ್ಟು ಬಂದಿವೆ,” ಎಂದ. “ಮರಿ ಜೊತೆ ಇರೋ ತಾಯಿಗೆ ಗುಂಡು ಹಾಕೋ ಹಾಗಿಲ್ಲ. ಎಲ್ವಿ ನಂಗೆ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ?”

“ನಂಬ್ತಿದ್ಯಾ? ಅದಕ್ಕೇ ನಿನ್ನ ಕಣ್ಣಿಗೆ ಬೀಳೋ ಮೊದ್ಲು ಮೇಲೆ ಸ್ಕೀ ಓಡಿಸಿ ಹೆಜ್ಜೆ ಅಳಿಸ್ತಿದ್ಲು.” ಸೈಮಿ ಅಕ್ಕನ ಸ್ಕೀ ಗೆರೆಗಳತ್ತ ತಿರುಗಿದಳು. “ನಾನೂ ನಂಬ್ಲಿಲ್ಲ ಬಿಡು.”

ಉರ್ಪೊ ಬಂದೂಕಿನಿಂದ ಗುಂಡು ತೆಗೆದು ಕೋಟಿನ ಜೇಬಿಗಿಟ್ಟುಕೊಂಡ.

ಆಚೆ ದಡದಲ್ಲಿ ಒಂದು ಮರಿ ಜಾರಿದ್ದ ಗುರುತಿತ್ತು. ಹಿಮದಲ್ಲಿ ಪುಟ್ಟ ಉಗುರುಗಳ ಗೀರು. ಮುಂದೆ ಹೋಗಿದ್ದ ಅಗಲ ಹೆಜ್ಜೆಗಳು ಅಲ್ಲಿಗೆ ತಿರುಗಿ ಬಂದಿದ್ದವು.